ಗುಡ್ಡದ ಮೇಲೂ ತೆರೆಯುವ ಹರಟೆಮನೆ

ನಾರಿನ್, ಜುಲೈ ೧೨

ಹಿರಿಯರಾದ ತೆಮಿರ್‌ಕುಲ್ ಅವರಿಗೆ ಬೆಗಿಮಾಯ್ ಮಾಡುವ ಸಲಾಮು.

ಸಂತೋಷದಲ್ಲಿ ಅವಸರವಾಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ನಮ್ಮ ಪ್ರೋಗ್ರಾಮರುಗಳ ಸಂಘಕ್ಕೆ ಕೊನೆಗೂ ಚಾಟ್ ಆ್ಯಪ್ ಆರಿಸಿದೆವು! ಎಲ್ಲರಿಗೂ ವಿಡಿಯೊ, ಬಣ್ಣ, ಗದ್ದಲವಿರುವುದೇ ಬೇಕಿತ್ತು. ನಿಮ್ಮ ಮಗಳು ಜಿಪಾರ್ ಮಾತ್ರ ವರ್ಷವಿಡೀ ನಮ್ಮ ಹಳೆಯ ಆ್ಯಪ್‌ನ ಗುಂಪಿನಲ್ಲಿ ತುಟಿ ಬಿಚ್ಚಿರಲಿಲ್ಲ. ಜಂಬದವಳೆಂದು ನಾನೂ ಅಂದುಕೊಂಡಿದ್ದೆ. ಹೋದ ವಾರ ಕುದುರೆ ಹಾಲಿನ ಹುಳಿ ಕುಮಿಸ್ ತರುವ ಲಾರಿಯಲ್ಲಿ ಅವಳ ಚೀಟಿ ಬಂತು: ಹುಲ್ಲುಗಾವಲಿನಿಂದ ಗುಡ್ಡ ಹತ್ತಿದರೂ ಅಲ್ಲಿ ಸಿಗುವ ಚೂರು ನೆಟ್‌ವರ್ಕಿಗೆ ಅಂಥ ಆ್ಯಪ್ ತೆರೆಯುವುದೇ ಇಲ್ಲವಂತೆ.

ಅದನ್ನು ಸಭೆಯಲ್ಲಿ ಓದಿದೆ.

“ಒಬ್ಬಳಿಗೋಸ್ಕರ ನಾವೆಲ್ಲ ಅಜ್ಜಿ ಕಾಲಕ್ಕೆ ಹೋಗ್ಬೇಕಾ?” ಎಂದ ನಮ್ಮ ಕುಬಾತ್.

“ನೀನೇ ಒಂದ್ಸಲ ಆ ಗುಡ್ಡ ಹತ್ತಿ ಬಾರೋ, ಶೂರ!” ಎಂದೆ.

ಹೋಗಿಯೇ ಬಿಟ್ಟ! ನಿಮ್ಮ ಗುಡಾರದಲ್ಲಿ ಮೂರು ಬಟ್ಟಲು ಕುಮಿಸ್ ಕುಡಿದು ಬಂದನಲ್ಲ, ಅವನೇ. ಬಿಸಿಲಿಗೆ ಮೂಗು ಸುಲಿದುಕೊಂಡು ಬಂದವನು, “ಬರೀ ಅಕ್ಷರ ಇರೋದೇ ಸಾಕು ಕಣ್ರಪ್ಪಾ,” ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದ.

ನಿನ್ನೆ ಆ ಬರೀ ಅಕ್ಷರದ ಆ್ಯಪನ್ನು ಶುರು ಮಾಡಿದೆವು. ಜಿಪಾರ್ ಬರೆದ ಮೊದಲ ಸಾಲು ಏನು ಗೊತ್ತೆ? ಹಿಮ ಕುಸಿಯುವ ಮುನ್ನ ಊರಿಗೆ ಎಚ್ಚರಿಕೆ ಕೊಡುವ ನಮ್ಮ ಪ್ರೋಗ್ರಾಮಿನಲ್ಲಿ ತಿಂಗಳಿಂದ ಹುಡುಕುತ್ತಿದ್ದ ತಪ್ಪು ಎಲ್ಲಿದೆ ಎಂದು! ನಾವು ಕೂಗಿದ ಕೂಗಿಗೆ, ಸಭೆಗೆ ಜಾಗ ಕೊಡುವ ಗ್ರಂಥಾಲಯದವರು ನಮ್ಮನ್ನು ಹೊರಗೆ ಹಾಕಿದರು. ಅಂಗಳದಲ್ಲೇ ನಿಂತು ಅವಳನ್ನು ಅಧ್ಯಕ್ಷೆಯಾಗಿ ಆರಿಸಿದೆವು.

ಒಂದು ಕೋರಿಕೆ. ಶನಿವಾರ ನಾಲ್ಕರಿಂದ ಐದರವರೆಗೆ ಕುದುರೆಗಳನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ. ಅವಳು ಸಭೆ ನಡೆಸಬೇಕು. ಅಧ್ಯಕ್ಷೆಯಾದ ಸುದ್ದಿಯನ್ನು ನಾವು ಅವಳಿಗಿನ್ನೂ ತಿಳಿಸಿಲ್ಲ. ಮೊದಲು ಅಪ್ಪನ ಬಾಯಿಂದಲೇ ಕೇಳಲಿ ಎಂದು ಎಲ್ಲರೂ ಬಾಯಿ ಬಿಗಿಹಿಡಿದು ಕೂತಿದ್ದೇವೆ.

ನಿಮ್ಮ ಮಗಳ ಗೆಳತಿ,
ಬೆಗಿಮಾಯ್