ದೊರೆಸಾನಿ ನಿಲ್ಲುವ ಜಾಗ

ಏಪ್ರಿಲ್ 13, ಭಾನುವಾರ
ಮತ್ತೆ ಅದೇ ಮೆರವಣಿಗೆ. ಇವರ ಅಮೆರಿಕದ ಕಾರಿಗೆ, ನಾನಿಟ್ಟ ಹೆಸರು ದೊರೆಸಾನಿ, ಸ್ಟಿಯರಿಂಗ್ ಎಡಕ್ಕೆ. ನಮ್ಮ ಜಪಾನಿನ ಪಾರ್ಕಿಂಗ್ ಟಿಕೆಟ್ ಯಂತ್ರಗಳೆಲ್ಲ ಬಲಕ್ಕೆ. ಹಾಗಾಗಿ ಬಲಗಡೆ ನಾನು. ಕಿಟಕಿಯಿಂದ ಅರ್ಧ ಹೊರಗೆ ಬಂದು ಟಿಕೆಟ್ ಎಳೆದೆ. ಹಿಂದಿನ ಕಾರಿನವರು ಹಾರ್ನ್ ಕೂಡ ಮಾಡಲಿಲ್ಲ, ಸುಮ್ಮನೆ ನೋಡುತ್ತಾ ಕೂತಿದ್ದರು. ಹಾರ್ನ್ ಮಾಡಿದ್ದರೇ ವಾಸಿ.
"ನೀನಿಲ್ದೆ ನಾನೆಲ್ಲಿಗೂ ಹೋಗೋಕಾಗಲ್ಲ ಕಣೆ ಚಿಸಾತೊ," ಅಂದರು. ಮದುವೆಯ ಹೊಸದರಲ್ಲಿ ಅಂದಿದ್ದರೆ ಕರಗಿಹೋಗುತ್ತಿದ್ದೆ.

ಏಪ್ರಿಲ್ 22
ನೇಯ್ಗೆ ಮನೆಯ ಯತ್ಸುಕಾ ಅವರ ಫೋನ್. ಮದುವೆಗೆ ಮುಂಚೆ ನಾನು ಕೂರುತ್ತಿದ್ದ ಮಗ್ಗ ಖಾಲಿಯಾಗಿದೆಯಂತೆ. "ನಿನ್ನ ಕೈ ನಂಗೆ ಗೊತ್ತಮ್ಮ. ಬಾ. ಮೇ ಮುಗಿಯೋದ್ರೊಳಗೆ ಹೇಳಿಬಿಡು." ಫೋನ್ ಇಟ್ಟ ಮೇಲೂ ಬೆರಳುಗಳು ಸುಮ್ಮನಿರಲಿಲ್ಲ.
ಆದರೆ ಅದು ಗುಡ್ಡದಾಚೆ. ಬಸ್ಸು ನಿಂತು ಎಷ್ಟೋ ಕಾಲವಾಯಿತು. ಹಳೆಯದೊಂದು ಸಣ್ಣ ಕಾರು ಸಾಕು. ನಿಲ್ಲಿಸಲು ಜಾಗ ತೋರಿಸದೆ ಕಾರು ಕೊಳ್ಳುವಂತಿಲ್ಲ, ಇಲ್ಲಿನ ಕಾನೂನು ಹಾಗೆ. ಮನೆಯ ಮುಂದಿನ ಒಂದೇ ಜಾಗದಲ್ಲಿ ದೊರೆಸಾನಿ ಕಾಲು ಚಾಚಿ ಮಲಗಿದ್ದಾಳೆ.

ಏಪ್ರಿಲ್ 23
ಊಟಕ್ಕೆ ಕೂತಾಗ ಕೇಳಿದೆ. "ಅದನ್ನ ಮಾರಿಬಿಡೋಣ ರೀ."
ಮಿಸೊ ಸಾರಿನ ಬಟ್ಟಲು ಕೆಳಗಿಟ್ಟರು. "ಇದೊಂದು ತಪಾಸಣೆ ಮುಗೀಲಿ."
ಕಾರಿನ ತಪಾಸಣೆ ಎರಡು ವರ್ಷಕ್ಕೊಮ್ಮೆ. ಹಿಂದಿನದಕ್ಕೂ ಇದೇ ಮಾತು. ಅದರ ಹಿಂದಿನದಕ್ಕೂ.

ಮೇ 9
ವಾಹನ ತೆರಿಗೆ ಬಂತು. ಎಂಜಿನ್ ದೊಡ್ಡದು, ಅದಕ್ಕೊಂದಷ್ಟು. ಕಾರು ಹಳೆಯದು, ಅದಕ್ಕೆ ಮತ್ತಷ್ಟು. ಒಂದು ಲಕ್ಷ ಯೆನ್ ದಾಟಿದೆ. ಗ್ಯಾರೇಜಿನವರೂ ಫೋನ್ ಮಾಡಿದ್ದರು—ತಪಾಸಣೆ ಪಾಸಾಗಲು ಬೇಕಾದ ಭಾಗ ಅಮೆರಿಕದಿಂದ ಬರಬೇಕು, ಯಾವಾಗ ಅಂತ ಹೇಳಲಾಗದು. ಇವರ ಮುಖ ಸಣ್ಣಗಾಯಿತು. ಅಯ್ಯೋ ಪಾಪ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಮೇ 17
ನಂಬಲಾಗುತ್ತಿಲ್ಲ! ಎದುರುಮನೆ ಪಕ್ಕದ ಖಾಲಿ ಜಾಗವನ್ನು ಇವರು ಬಾಡಿಗೆಗೆ ಹಿಡಿದಿದ್ದಾರೆ. ಟೇಪು ಹಿಡಿದು ಅಳೆಯುತ್ತಿದ್ದರು.
"ಯಾಕ್ರೀ ಇದು?"
"ನೋಡ್ತಿರು. ಎಲ್ಲ ಸರಿಹೋಗುತ್ತೆ."
ನನ್ನ ಸಣ್ಣ ಕಾರಿಗೇ ಅಂತ, ಇಪ್ಪತ್ತಾರು ವರ್ಷ ಬಾಳಿದ ಮೇಲೆ ಗಂಡ ಬಾಯಿ ಬಿಟ್ಟು ಹೇಳಬೇಕೇ? ಯತ್ಸುಕಾ ಅವರಿಗೆ ಬರುತ್ತೇನೆ ಅಂದುಬಿಟ್ಟೆ. ಫೋನಿನಲ್ಲೇ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ.

ಮೇ 24, ಸಂಜೆ
ಲಾರಿ ಬಂತು. ಮೇಲೆ ಇನ್ನೊಂದು ದೊರೆಸಾನಿ. ಅದೇ ಮಾದರಿ. ಬಣ್ಣ ಹೋಗಿದೆ, ಒಂದು ಚಕ್ರವೇ ಇಲ್ಲ.
"ಓಡಲ್ಲ ಇದು. ಬಿಡಿಭಾಗಕ್ಕೆ ತಂದಿದ್ದು! ಇನ್ಮೇಲೆ ಅಮೆರಿಕದ ಕಡೆ ಬಾಯಿಬಿಟ್ಕೊಂಡು ಕಾಯೋದೇ ಬೇಡ," ಅಂದರು. ಮುಖದಲ್ಲಿ ಮಗುವಿನ ಸಂತೋಷ. ನನಗೂ ಸಂತೋಷವಾಗುತ್ತದೆಂದೇ ತಿಳಿದಿದ್ದರು.
ಹೋಗಿ ಆ ಖಾಲಿ ಜಾಗದ ನಡುವೆ ನಿಂತೆ.
"ಅಮ್ಮಾವ್ರೇ, ಸ್ವಲ್ಪ ಆ ಕಡೆ," ಅಂದ ಲಾರಿಯವನು.
ಕದಲಲಿಲ್ಲ.
"ತಮಾಷೆ ಸಾಕು ಮಾರಾಯ್ತಿ," ಇವರು ನಕ್ಕರು. ಆಮೇಲೆ ನಗಲಿಲ್ಲ. "ಚಿಸಾತೊ?"
"ಇದು ನನ್ನ ಜಾಗ."
ಅಂದೆ. ಜೋರಾಗಿಯೇ ಅಂದೆ. ಲಾರಿ ಗುರುಗುಟ್ಟುತ್ತಲೇ ಇತ್ತು. ಇವರು ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಇನ್ನೊಂದು ನಿಮಿಷ ನಿಂತಿದ್ದರೆ ಕೇಳುತ್ತಿದ್ದರೇನೋ, ಯಾಕೆ ಅಂತ.
ಅಷ್ಟರಲ್ಲಿ ಎದುರುಮನೆಯ ಕಿಟಕಿ ತೆರೆಯಿತು. ತಕೆಮಿ ಅಜ್ಜಿ ಇಣುಕಿದರು.
"ಗಲಾಟೆಯಾಯ್ತು, ಕ್ಷಮಿಸಿ, ಕ್ಷಮಿಸಿ." ಬಾಯಿಂದ ತಾನಾಗಿ ಬಂತು. ಬಾಗಿದೆ. ಬಾಗುತ್ತಾ ಒಂದು ಹೆಜ್ಜೆ ಹಿಂದೆ. ಇನ್ನೊಮ್ಮೆ ಬಾಗಿದೆ, ಇನ್ನೊಂದು ಹೆಜ್ಜೆ. ತಲೆಯೆತ್ತುವಷ್ಟರಲ್ಲಿ ಗೋಡೆಗೆ ಅಂಟಿಕೊಂಡಿದ್ದೆ.
ಲಾರಿ ಒಳಗೆ ಬಂತು.

ಮೇ 25
ಯತ್ಸುಕಾ ಅವರಿಗೆ ಫೋನ್ ಮಾಡಬೇಕು. ಮಗ್ಗಕ್ಕೆ ಹೊಸ ನೂಲು ಕಟ್ಟಿಸಿಟ್ಟಿದ್ದಾರಂತೆ. ಏನಂತ ಹೇಳಲಿ, ಗೋಡೆಗೆ ಒರಗಿ ನಿಂತಿದ್ದೆ ಅಂತಲೇ, ಇಲ್ಲ—