ಕಡಲ ಮುಂದೆ ನೀರುಗಂಟಿ

ಕೊತ್ತತ್ತಿ
೧೮ ಜನವರಿ ೨೦೨೫, ಶನಿವಾರ

ಪ್ರೀತಿಯ ಶಾಲಿನಕ್ಕ,

ನೀನು, ಭಾವ ಹೇಗಿದ್ದೀರಿ? ಹಾಸ್ಟೆಲ್ ಮಕ್ಕಳ ಮೇಲೆ ಕೂಗಿ ಕೂಗಿ ನಿನ್ನ ಗಂಟಲು ಕಟ್ಟಿದೆಯೆಂದು ಅವ್ವ ಹೇಳಿದಳು. ಬಿಸಿನೀರು ಕುಡಿ. ಪಾಠಕ್ಕೂ ಬೈಗುಳಕ್ಕೂ ನಿನಗಿರುವುದು ಅದೊಂದೇ ಗಂಟಲು, ಜೋಪಾನ. ಅವ್ವ ಚೆನ್ನಾಗಿದ್ದಾಳೆ. ನಾಲೆಗೆ ನೀರು ಬಿಟ್ಟಿದ್ದಾರೆ. ಫೋನಿರುವಾಗ ರಾಯಚೂರಿಗೆ ಕಾಗದ ಬರೆಯುವ ಗೀಳು ಇವನಿಗೇಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಿ ಏನು ಮಾತಾಡಿದರೂ ಪಕ್ಕದ ಮಂಚದಲ್ಲಿರುವ ಅಪ್ಪನಿಗೆ ಕೇಳಿಸುತ್ತದೆ.

ಅಪ್ಪನ ಸೊಂಟದ ಮೂಳೆ ಕೂಡುತ್ತಿದೆ. ಆದರೆ ಇನ್ನು ಮುಂದೆ ಊರುಗೋಲಿಲ್ಲದೆ ನಡೆಯುವುದು ಕಷ್ಟ ಎಂದು ಡಾಕ್ಟರು ಮೊನ್ನೆ ನನ್ನನ್ನು ಹೊರಗೆ ಕರೆದು ಹೇಳಿದರು. ಅಪ್ಪನಿಗೆ ನಾನಿನ್ನೂ ಹೇಳಿಲ್ಲ. ಮೂವತ್ತು ವರ್ಷ ನೀರುಗಂಟಿಯಾಗಿ ನಾಲೆ ಏರಿಯ ಮೇಲೆ ನಡೆದು, ತೂಬು ಎತ್ತಿ, ಊರವರ ಗದ್ದೆಗೆಲ್ಲ ಸರದಿ ತಪ್ಪದೆ ನೀರು ಬಿಟ್ಟ ಕಾಲು ಅದು. ಬೆಳಿಗ್ಗೆ ಅದನ್ನೆತ್ತಿ ದಿಂಬಿನ ಮೇಲಿಡುವಾಗ ನನಗೆ ಅಳು ಬರುತ್ತದೆ. ಅಪ್ಪ ಮಾತ್ರ ನಾಲೆಯಲ್ಲಿ ನೀರು ಎಷ್ಟು ಅಡಿ ಇದೆ ಎಂದು ಕೇಳುತ್ತಾರೆ.

ಹೊನ್ನಾವರದ ಕಡೆ ನಾನು ಹೋದದ್ದು ಫೋಟೋ ಸ್ಪರ್ಧೆಗೆ ಕಡಲಿನ ಚಿತ್ರ ತೆಗೆಯಲೆಂದು ನಿನಗೆ ಗೊತ್ತು. ಹದಿನೈದು ವರ್ಷ ಮದುವೆ ಮನೆಯಲ್ಲಿ ಧಾರೆ, ಆರತಕ್ಷತೆ ತೆಗೆದವನಿಗೆ ಒಂದು ಸಲವಾದರೂ ಸ್ವಂತದ್ದೊಂದು ಚಿತ್ರ ತೆಗೆಯುವ ಆಸೆ. ಮಳವಳ್ಳಿಯ ಅಶೋಕನಿಂದ ವೈಡ್ ಲೆನ್ಸ್ ಇಸ್ಕೊಂಡೆ. ಅಪ್ಪ ಸಮುದ್ರ ನೋಡಿರಲಿಲ್ಲ, ಕರೆದುಕೊಂಡು ಹೋದೆ. ನೋಡಿದವರೇ, "ಇಷ್ಟು ನೀರು ಸುಮ್ನೆ ಬಿದ್ದದಲ್ಲ, ಇದುಕ್ಕೆ ತೂಬು ಎಲ್ಲದ್ಲಾ?" ಎಂದರು. ಅಲ್ಲಿ ಎರಡು ಕರಿಬಂಡೆಗಳು ಒಂದಕ್ಕೊಂದು ಒರಗಿ ಬಾಗಿಲಿನ ಹಾಗೆ ನಿಂತಿದ್ದವು. ಆ ಬಾಗಿಲಿನೊಳಗಿಂದ ಕಡಲು, ಮೇಲೆ ಮುಗಿಲು. ಮಧ್ಯೆ ಒಬ್ಬ ಮನುಷ್ಯ ಸಣ್ಣಗೆ ನಿಂತರೆ ಕಡಲು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಅಪ್ಪನನ್ನು ನಿಲ್ಲಿಸಿದೆ. ಅಪ್ಪ ಹಿಂದಕ್ಕೆ ಹೋದರು, ತೆರೆ ಬಂತು, ಅವರನ್ನೆತ್ತಿ ಬಂಡೆಗೆ ಬಡಿಯಿತು. ಇಷ್ಟೇ ನಾನು ಎಲ್ಲರಿಗೂ ಹೇಳಿರುವುದು.

ಊರಿನಲ್ಲಿ ಇದೇ ಮಾತಾಗಿದೆ. ನೋಡಲು ಬಂದ ಅಂಕಯ್ಯ ಮಂಚದ ಪಕ್ಕ ಕೂತು, "ಅಲ್ಲ ಬೋರಣ್ಣ, ಊರಿಗೆಲ್ಲ ನೀರು ಬುಟ್ಟೋನು ನೀನು. ನೀರಿಗೆ ಬೆನ್ನು ಕೊಟ್ಕಂಡು ನಿಂತ್ಕತಾರ?" ಎಂದು ನಕ್ಕ. ಅಪ್ಪ, "ಗ್ಯಾನ ಇರ್ನಿಲ್ಲ ಕಣ್ಲಾ, ನಾನೇ ಇಂದಕ್ಕೆ ಓದೆ" ಎಂದರು. ಅಂಕಯ್ಯ ಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಊಟಕ್ಕೂ ಏಳಲಿಲ್ಲ. ಭಾನುವಾರ ಬಂದರೆ ನಿನ್ನ ಫೋನು. ವಯಸ್ಸಾದ ಮೇಲೆ ಬುದ್ಧಿ ಬೇಡವೇ, ಹೇಳಿದ ಮಾತು ಕೇಳುವುದಿಲ್ಲ ಎಂದು ನೀನು ಬೈಯುತ್ತೀಯ, ಅಪ್ಪ ಮಗುವಿನ ಹಾಗೆ ಹೂಂ ಹೂಂ ಎನ್ನುತ್ತಾರೆ. ಪ್ರೀತಿಯಿಂದಲೇ ಬೈಯುತ್ತೀಯ, ನನಗೆ ಗೊತ್ತು. ನಾನು ಫೋನು ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತೇನೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಸ್ಥಿತಿ ನನ್ನದು, ನುಂಗಲೂ ಆಗದು, ಉಗುಳಲೂ ಆಗದು.

ಭಾವನಿಗೆ ನನ್ನ ನಮಸ್ಕಾರ ಹೇಳು. ರಜೆ ಸಿಕ್ಕಿದರೆ ಬಾ, ಅವ್ವ ನಿನಗೆಂದು ಹುರುಳಿ ಕಟ್ಟಿಟ್ಟಿದ್ದಾಳೆ.

ನಿನ್ನ ತಮ್ಮ,
ಸಿದ್ದೇಶ

ತಾ.ಕ.: ಇದನ್ನು ಬರೆಯಲೆಂದೇ ಕೂತವನು ಇದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೇನೆ. ಅಪ್ಪ ತಾವಾಗಿ ಹಿಂದಕ್ಕೆ ಹೋಗಲಿಲ್ಲ. ನೀರಿಗೆ ಮುಖ ಮಾಡಿಯೇ ನಿಂತಿದ್ದರು. ನನ್ನ ಕಡೆ ತಿರುಗಿಕೊಳ್ಳಿ, ಇನ್ನೂ ಎರಡು ಹೆಜ್ಜೆ ಹಿಂದೆ ಹೋಗಿ ಎಂದವನು ನಾನು. "ನೀರು ಬತ್ತಾದೆ ಕಣ್ಲಾ" ಎಂದು ಎರಡು ಸಲ ಹೇಳಿದರು. ಆ ಲೆನ್ಸಿನಲ್ಲಿ ಹತ್ತಿರದ್ದೂ ದೂರ ಕಾಣುತ್ತದೆ, ಅದು ನನಗೆ ಗೊತ್ತು. ಆದರೂ ಕ್ಯಾಮೆರಾದಿಂದ ಕಣ್ಣು ತೆಗೆಯದೆ, ಬಹಳ ದೂರ ಇದೆ, ಸುಮ್ಮನೆ ನಿಲ್ಲಿ ಎಂದು ಗದರಿದೆ. ಆ ಚಿತ್ರ ಇನ್ನೂ ಕ್ಯಾಮೆರಾದಲ್ಲಿದೆ, ತೆರೆ ಬಿಳಿ ದಾರದಷ್ಟು ಕಾಣುತ್ತದೆ. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ಕೂಡಲೇ ಅಪ್ಪ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ನಿಮ್ಮಕ್ಕಂಗೆ ನಾನೇ ಇಂದಕ್ಕೆ ಓದೆ ಅಂತ ಏಳು. ಇಲ್ದಿದ್ರೆ ಅವ್ಳು ನಿನ್ನ ಸುಮ್ಕೆ ಬುಡಾಕಿಲ್ಲ." ಈ ಕಾಗದ ಮುಟ್ಟಿದ ಮೇಲೆ ಬರುವ ಭಾನುವಾರ ಅಪ್ಪನಿಗೆ ಬೈಯಬೇಡಕ್ಕ.