ಹದಿನಾರರಲ್ಲಿ ಯಾರಿಗೆಷ್ಟು

ಲಿಂಗಸುಗೂರು
೨೩ ಫೆಬ್ರವರಿ ೨೦೨೫

ಅವ್ವಾ, ನಿನ್ನ ಶಿವಕುಮಾರಿಯ ಶರಣು.

ಮೊದಲು ಸಮಾಧಾನ ಮಾಡಿಕೋ. ನಾನು ಚೆನ್ನಾಗಿದ್ದೇನೆ, ನಿನ್ನ ಅಳಿಯ ಚೆನ್ನಾಗಿದ್ದಾರೆ, ನಮ್ಮ ಮನೆ ಒಡೆದಿಲ್ಲ. ಸಿಂಧನೂರಿನ ಸಂತೆಯಲ್ಲಿ ಯಾರೋ ನಿನಗೆ "ನಿಮ್ಮ ಮಗಳು ಪಂಚರನ್ನ ಕೂಡಿಸಿ ಪಾಲು ಕೇಳ್ಯಾಳ" ಅಂದರಂತಲ್ಲ, ಅದರಲ್ಲಿ ಪಂಚರು ಕೂಡಿದ್ದಷ್ಟೇ ನಿಜ. ಫೋನ್ ಮಾಡಿದರೆ ನೀನು ಅಳುತ್ತೀಯ, ಬೈಯುತ್ತೀಯ, ನಾನು ಬಾಯಿ ತೆರೆಯುವಷ್ಟರಲ್ಲಿ ಕಟ್ ಮಾಡುತ್ತೀಯ. ಇಷ್ಟೆಲ್ಲ ಆದದ್ದೇ ಒಂದು ಮಾತನ್ನು ಅರ್ಧ ಕೇಳಿಸಿಕೊಂಡದ್ದರಿಂದ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ ಎಂದು ಬರೆಯುತ್ತಿದ್ದೇನೆ. ಪಕ್ಕದ ಮನೆಯ ಹಸೀನಾಬೀ ನಾಳೆ ತಂಗಿಯನ್ನು ನೋಡಲು ಸಿಂಧನೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಚಹಾ ಕೊಡದೆ ಕಳಿಸಬೇಡ.

ಎಲ್ಲ ಶುರುವಾದದ್ದು ಕಾಲುವೆಯಿಂದ. ನಿನ್ನ ಅಳಿಯ ಸಂಕ್ರಾಂತಿ ಆದ ಮೇಲೆ ಗದ್ದೆಗೆ ನೀರು ಬಿಟ್ಟದ್ದನ್ನು ವಿಡಿಯೋ ಮಾಡಲು ಹೋಗಿ ಫೋನನ್ನೇ ನೀರಿಗೆ ಬಿಟ್ಟರು. ಮನೆಯಲ್ಲಿ ಒಳ್ಳೆಯ ಕ್ಯಾಮೆರಾ ಇದ್ದದ್ದು ಅದೊಂದೇ ಫೋನಿಗೆ. ಮೈದುನ ಚನ್ನುವಿನ ಮಗನ ತೊಟ್ಟಿಲು ಹಾಕಿದ್ದು ಅದರಲ್ಲಿತ್ತು, ಅತ್ತೆ ಅಮಾವಾಸ್ಯೆಯ ಭಜನೆಯಲ್ಲಿ ಹಾಡಿದ ಪದಗಳೂ ಇದ್ದವು. ನಿನ್ನ ಅಳಿಯ ಫೋನಿಗಾಗಿ ಮರುಗಿದರು. ಚನ್ನುವಿನ ಹೆಂಡತಿ ರೂಪಾ ತೊಟ್ಟಿಲಿಗಾಗಿ ಅತ್ತಳು. ಅತ್ತೆ ಮಾತ್ರ, "ಹೋಗ್ಲಿ ಬಿಡು, ಕಾಲಿವಿಗೆ ಶಿವನ ಪದ ಹಾಡೀನಿ ಅನ್ಕೋತೀನಿ" ಅಂದರು. ಆ ಮಾತು ಕೇಳಿ ನನಗೆ ತಡೆದುಕೊಳ್ಳಲಾಗಲಿಲ್ಲ.

ಮನೆಯಲ್ಲೇ ಒಂದು ಸರ್ವರ್ ಇಡಬೇಕು ಎಂದು ನಾನು ಆಗಲೇ ಗಟ್ಟಿ ಮಾಡಿದೆ. ಸದಾ ನಡೆಯುವ ಒಂದು ಕಂಪ್ಯೂಟರ್, ಎಲ್ಲರ ಫೋನಿನ ಫೋಟೋ ಹಾಡು ತಾವಾಗಿಯೇ ಹೋಗಿ ಅದರಲ್ಲಿ ಸೇರಿಕೊಳ್ಳುತ್ತವೆ, ಅಷ್ಟೇ. ನಿನ್ನ ಅಳಿಯ, "ಸರ್ವರ್ ಅಂದ್ರ ಯಾವಾಗಲೂ ಡೌನ್ ಇರತೈತಲ್ಲ, ಅದ ಏನು?" ಅಂದರು. ನಮ್ಮ ಬಿತ್ತನೆ ಬೀಜದ ಅಂಗಡಿಯ ಲೆಕ್ಕ ಬರೆಯುವವಳು ನಾನು. ನನಗೆ ಗೊತ್ತಿದ್ದ ಕಂಪ್ಯೂಟರ್ ಅಷ್ಟೇ. ಉಳಿದದ್ದನ್ನು ಕೆಲಸದ ಬಿಡುವಿನಲ್ಲಿ ವಿಡಿಯೋ ನೋಡಿ ಕಲಿತೆ. ಹಳೇ ಕಂಪ್ಯೂಟರ್ ಮಾರುವ ಖಾದರಬಾಷಾ ಬಣ್ಣಬಣ್ಣದ ದೀಪ ಉರಿಯುವ ಡಬ್ಬಿ ತೋರಿಸಿ, "ಅಕ್ಕಾರ, ದೀಪಾವಳಿಗೂ ಬರತೈತ್ರಿ" ಅಂದ. ನಾನು ದೀಪ ಬೇಡ, ಕರೆಂಟ್ ಕಡಿಮೆ ತಿನ್ನುವ ಆಫೀಸಿನ ಹಳೇ ಡಬ್ಬಿ ಸಾಕು, ಮೆಮರಿ ಮಾತ್ರ ಹದಿನಾರು ಜಿಬಿ ಬೇಕು ಅಂದೆ. ಮೆಮರಿ ಅಂದರೆ ಅಂಗಳವಿದ್ದ ಹಾಗೆ ಅವ್ವಾ. ಅಂಗಳ ಎಷ್ಟು ದೊಡ್ಡದೋ ಒಂದೇ ಸಲಕ್ಕೆ ಅಷ್ಟು ಕೆಲಸ ಹರವಬಹುದು.

ಇನ್ನೊಂದು ಸಂಗತಿ ಕಲಿತೆ, ಅದೇ ಮನೆಗೆ ಬೆಂಕಿ ಇಟ್ಟದ್ದು. ಒಂದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಮೂರು ನಾಲ್ಕು ಕಂಪ್ಯೂಟರ್ ಮಾಡಬಹುದಂತೆ. ವರ್ಚುವಲೈಸೇಶನ್ ಅನ್ನುತ್ತಾರೆ. ಸೂರು ಒಂದೇ, ಒಳಗೆ ಒಬ್ಬೊಬ್ಬರಿಗೂ ಬೇರೆ ಬಾಗಿಲು, ಬೇರೆ ಒಲೆ. ಚನ್ನು ಕಂಡದ್ದನ್ನೆಲ್ಲ ಡೌನ್‌ಲೋಡ್ ಮಾಡಿ ವೈರಸ್ ತರುವವನು. ಅವನದು ಕೆಟ್ಟರೂ ಅಂಗಡಿಯ ಲೆಕ್ಕ ಕೆಡಬಾರದಲ್ಲ. ಅದಕ್ಕೇ ಈ ಏರ್ಪಾಡು. ಅತ್ತೆಗೆ ಹೇಳಿರಲಿಲ್ಲ. ಎಲ್ಲ ಕೂಡಿಸಿ, ಅವರ ಹಾಡಿಗೆಂದೇ ಒಂದು ಕೋಣೆ ಮಾಡಿ, ಒಮ್ಮೆಗೇ ತೋರಿಸೋಣ ಎಂದಿದ್ದೆ.

ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ಇದನ್ನೇ ನಿನ್ನ ಅಳಿಯನಿಗೆ ಹೇಳುತ್ತಿದ್ದೆ. "ಒಂದ ಮನ್ಯಾಗ ಬ್ಯಾರೆ ಬ್ಯಾರೆ ಒಲಿ ಹೂಡಬೇಕ್ರಿ. ಚನ್ನು ತನ್ನ ಮನಿ ಸುಟ್ಟುಕೊಂಡ್ರೂ ನಮಗ ಬೆಂಕಿ ಹತ್ತಬಾರದು." ಅವರು ಅಂಗಡಿಯ ಹಳೇ ಹಾರ್ಡ್‌ಡಿಸ್ಕಿನ ಗತಿ ಏನು ಅಂದರು. ನಾನು, "ಹಳೇದರ ಮ್ಯಾಲ ಭರೋಸ ಇಲ್ರಿ. ಈಗಾಗಲೇ ಗೊರ್ ಗೊರ್ ಅನ್ನಾಕತ್ತೈತಿ. ಅದು ಸಾಯೂದ್ರೊಳಗ ಇದ್ದದ್ದೆಲ್ಲಾ ಬರಕೊಂಡುಬಿಡಬೇಕು" ಅಂದೆ.

ಅತ್ತೆಗೆ ದಮ್ಮಿನ ತ್ರಾಸ ಇರುವುದು ನಿನಗೆ ಗೊತ್ತಲ್ಲ. ಮೆಣಸಿನಕಾಯಿಯ ಘಾಟಿಗೆ ಅವರ ಎದೆ ಗೊರಗುಟ್ಟುತ್ತಿತ್ತು. ಬುಟ್ಟಿ ಹಿಡಿದುಕೊಂಡು ಮೆಟ್ಟಿಲ ಮೇಲೇ ನಿಂತಿದ್ದರಂತೆ. ನಾವು ನೋಡಲಿಲ್ಲ. ಸದ್ದಿಲ್ಲದೆ ಇಳಿದುಹೋದರು.

ಅಂದು ಅವರು ಊಟ ಮಾಡಲಿಲ್ಲ. ರೊಟ್ಟಿ ಗಟ್ಟಿಯಾಗಿದೆಯೇನೋ ಅಂದುಕೊಂಡೆ. ಮರುದಿನ ಬಾಳೆಹಣ್ಣು ತಿಂದರು, ನನ್ನ ಕೈಯ ನೀರನ್ನೂ ಮುಟ್ಟಲಿಲ್ಲ. ಅದರ ಮರುದಿನ ಮಧ್ಯಾಹ್ನ ಅವರ ಅಣ್ಣ, ಮಸ್ಕಿಯ ಜಂಬಣ್ಣ ಮಾವ, ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಬಂದು ಪಡಸಾಲೆಯಲ್ಲಿ ಕೂತರು. ಅದೇ ದಿನ ಸರ್ವರ್ ಮನೆಗೆ ಬರುವುದಿತ್ತು. ನಿನ್ನ ಅಳಿಯ ಅದನ್ನು ತರಲು ಹೋಗಿದ್ದರು. ಅದನ್ನು ನೋಡಲೆಂದೇ ಮಾವ ಬಂದಿದ್ದಾರೆ ಎಂದು ನಾನು ಖುಷಿಯಾಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಮಾಡಿ ಕೊಟ್ಟೆ.

"ತಂಗೀ, ಮನ್ಯಾಗ ಬ್ಯಾರೆ ಬ್ಯಾರೆ ಮಾಡಬೇಕಂತಿಯಂತ. ಖರೇ ಏನು?" ಅಂದರು ಮಾವ.

"ಖರೇ ರೀ ಮಾವ. ನಕ್ಷಾ ಸುದ್ದಾ ತಗದೀನಿ."

ಒಬ್ಬ ಹಿರಿಯರ ಮಿರ್ಚಿ ಬಾಯಿಯ ಹತ್ತಿರವೇ ನಿಂತಿತು.

"ಇರೂದು ಹದಿನಾರು. ಯಾರಿಗೆಷ್ಟು?"

"ಅಂಗಡಿ ನಡಸೂದು ನಮ್ಮವರು, ಅವರಿಗೆ ಎಂಟು. ಅತ್ತಿಗೆ ನಾಕು. ಚನ್ನುಗ ಎಲ್ಡು ಸಾಕ್ರಿ."

"ಎಲ್ಡ?"

"ಹೆಚ್ಚಿಗಿ ಕೊಟ್ರ ಹಾಳು ಮಾಡ್ತಾನ್ರಿ."

"ಉಳದ ಎಲ್ಡು?"

"ಅವು ನನ್ನ ಕೈಯಾಗ ಇರ್ತಾವ್ರಿ. ಎಲ್ಲಾರನ್ನೂ ಹದ್ದುಬಸ್ತಿನಾಗ ಇಡಾಕ ಒಬ್ಬರು ಬೇಕಲ್ರಿ. ಯಾರರ ಗದ್ದಲ ಮಾಡಿದ್ರ ಅವರದು ಬಂದ್ ಮಾಡಿಬಿಡ್ತೀನಿ."

ಅಡುಗೆಮನೆಯಲ್ಲಿ ರೂಪಾ ತಂಬಿಗೆಯನ್ನು ನೆಲಕ್ಕೆ ಕುಕ್ಕಿದ ಸದ್ದು ಕೇಳಿತು, ಹಿಂದೆಯೇ ಅಳು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, "ಕೇಳಿದ್ಯಾ ಅಣ್ಣಾ? ಮಾವನ ಕಾಲದಿಂದ ದುಡದ ಹೊಲ. ನಾ ಜೀವಂತ ಇರೂದ್ರೊಳಗ ನನಗ ನಾಕು ಎಕರೆ ಒಗದು ಕೈ ತೊಳಕೊಂತಾಳ!" ಅಂದರು.

ಎಕರೆ ಅಂದಾಗ ನನ್ನ ತಲೆಗೆ ಹೊಳೆಯಿತು ಅವ್ವಾ. ಕಾಲುವೆ ಕೆಳಗಿನ ನಮ್ಮ ಹೊಲವೂ ಹದಿನಾರೇ ಎಕರೆ.

"ಎಕರೆ ಅಲ್ರೀ ಅತ್ತಿ, ಜಿಬಿ!" ಎಂದು ಕೂಗಿದೆ.

ಜಂಬಣ್ಣ ಮಾವ ಗಂಭೀರವಾಗಿ, "ಜಿಬಿ ಅಂದ್ರ ಯಾವ ಸರ್ವೆ ನಂಬರದಾಗ ಬರತೈತಿ?" ಅಂದರು.

ನಾನು ಕಂಪ್ಯೂಟರ್ ಅಂದರೆ ಅವರು, ಪಾಲು ಪತ್ರ ಆನ್‌ಲೈನ್ ಆಗಿಹೋಯಿತಾ ಎಂದು ಗಾಬರಿಯಾದರು. ಪುಣ್ಯಕ್ಕೆ ಅಷ್ಟರಲ್ಲಿ ಬೈಕ್ ಬಂತು. ಹಿಂದೆ ಕೂತ ಖಾದರಬಾಷಾ ಸರ್ವರನ್ನು ಬಾಣಂತಿ ಕೂಸಿನ ಹಾಗೆ ಎದೆಗೆ ಅವಚಿಕೊಂಡು ಇಳಿದು, ಹೊಸಿಲಿನಿಂದಲೇ ಕೂಗಿದ: "ಅಕ್ಕಾರ, ಹದಿನಾರೂ ಜಿಬಿ ಹಾಕೀನ್ರಿ. ಹಳೇ ಡಿಸ್ಕ್ ಸಾಯಾಕ ಬಂದೈತಿ, ಇವತ್ತ ಎಲ್ಲಾ ಬರಕೊಂಡುಬಿಡ್ರಿ!"

ಮೊದಲು ನಕ್ಕವರು ಮಿರ್ಚಿ ಹಿರಿಯರು. ಆಮೇಲೆ ಮಾವ ಹೊಟ್ಟೆ ಹಿಡಿದುಕೊಂಡರು. ಅತ್ತೆ ನಗಲಿಲ್ಲ. ಡಬ್ಬಿಯ ಹತ್ತಿರ ಬಂದು ಬಗ್ಗಿ ನೋಡಿ, "ಇದು ಗೊರ್ ಗೊರ್ ಅಂತೈತೇನು?" ಅಂದರು. "ಇದರ ಡಿಸ್ಕ್ ಹೊಸಾದು, ಅನ್ನೂದಿಲ್ರಿ" ಅಂದೆ. "ಹಂ" ಎಂದು ಒಳಗೆ ಹೋಗಿ ತಟ್ಟೆ ಹಾಕಿಕೊಂಡು ರೊಟ್ಟಿ ತಿಂದರು. ಒಂದಲ್ಲ, ಮೂರು.

ರೂಪಾಳಿಗೆ ಮಾತ್ರ ಸಮಾಧಾನವಾಗಲಿಲ್ಲ. "ಜಿಬಿ ಆದ್ರೇನಕ್ಕ, ಎಲ್ಡು ಎಲ್ಡ ಅಲ್ಲೇನು?" ಅಂದಳು. ಪಾಲು ಮಾಡಲೆಂದೇ ಮಸ್ಕಿಯಿಂದ ಬಂದ ಹಿರಿಯರಿಗೂ ಬರಿಗೈಯಲ್ಲಿ ಹೋಗಲು ಮನಸ್ಸಿರಲಿಲ್ಲ. ಕೂತು ವಿಚಾರ ಮಾಡಿ ಅಂಗಡಿಗೆ ಆರು, ಚನ್ನುವಿಗೆ ನಾಲ್ಕು ಎಂದು ತೀರ್ಪು ಕೊಟ್ಟರು. ಲೆಕ್ಕದ ತಂತ್ರಾಂಶ ಈಗ ಸ್ವಲ್ಪ ನಿಧಾನ ತೆರೆಯುತ್ತದೆ. ಮನೆಯ ನೆಮ್ಮದಿಗೆ ಎರಡು ಜಿಬಿ ದೊಡ್ಡದಲ್ಲ.

ಹೊರಡುವಾಗ ಜಂಬಣ್ಣ ಮಾವ ನನ್ನನ್ನು ನೋಡಿ, "ಹಂಗಾದ್ರ ನಿನಗ ಬ್ಯಾರೆ ಮನಿ ಬ್ಯಾಡ, ಹೌದಿಲ್ಲ?" ಅಂದರು. "ಬ್ಯಾಡ್ರಿ" ಅಂದೆ. ಅನ್ನುವ ಮೊದಲು ಒಂದು ಗುಟುಕು ನೀರು ಕುಡಿದೆ, ಅಷ್ಟೇ. ಗಂಟಲು ಒಣಗಿತ್ತು. ಅತ್ತೆ ಬಾಗಿಲ ಸಂದಿಯಿಂದ ನೋಡುತ್ತಿದ್ದರು.

ಈಗ ಸರ್ವರ್ ಪಡಸಾಲೆಯ ಗೂಡಿನಲ್ಲಿದೆ. ಹಲ್ಲಿ ಹೋಗದ ಹಾಗೆ ಜಾಳಿಗೆ ಕಟ್ಟಿದ್ದೇನೆ, ಕರೆಂಟ್ ಹೋದರೆ ತಡೆಯಲು ಬ್ಯಾಟರಿ ಇಟ್ಟಿದ್ದೇನೆ. ಹೊಸ ಡಿಸ್ಕ್ ಎರಡಿವೆ, ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇರುತ್ತದೆ. ಇಷ್ಟು ಮಾಡಿದರೂ ಅದನ್ನು ಮೊದಲ ಸಲ ಆರಿಸಿದ್ದು ಅತ್ತೆಯೇ, ಊದುಬತ್ತಿ ಹಚ್ಚಲು ಹೋಗಿ ವೈರ್ ಕಿತ್ತರು. ಸಂಜೆ ಅದರ ಮುಂದೆ ಕೂತು ಹಾಡುತ್ತಾರೆ. ಫೋನಿನಲ್ಲಿ ಹಾಡಿದರೂ ಹೋಗುತ್ತದೆ ಅಂದರೆ ನಂಬುವುದಿಲ್ಲ.

ಇನ್ನು ಅಳಬೇಡ. ಕಂಡವರ ಮಾತು ಕೇಳಬೇಡ. ಕಡ್ಲಿ ಹಿಟ್ಟು ಇದ್ದರೆ ಹಸೀನಾಬೀಯ ಕೈಯಲ್ಲಿ ಕಳಿಸು.

ಎಲ್ಲರೊಡನೆ ಕೂಡಿಯೇ ಇರುವ ನಿನ್ನ ಮಗಳು,
ಶಿವಕುಮಾರಿ

ತಾ.ಕ.: ಮೊನ್ನೆ ತಮ್ಮ ನಿನ್ನ ಫೋನಿನ ಒಡೆದ ಗಾಜು ಹಾಕಿಸಲು ಇಲ್ಲಿಗೆ ತಂದಿದ್ದನಲ್ಲ, ಆಗ ನಿನ್ನ ಫೋಟೋಗಳೂ ಈ ಸರ್ವರಿಗೆ ಬಂದು ಬೀಳುವ ಹಾಗೆ ಮಾಡಿದ್ದೆ. ಹೊಸ ಕೈ, ತಪ್ಪು ಮಾಡಿದೆ. ನಿನಗೆ ಬೇರೆ ಕೋಣೆ ಕೊಡುವುದನ್ನು ಬಿಟ್ಟು ಅತ್ತೆಯ ಕೋಣೆಗೇ ಹಾಕಿದ್ದೇನೆ. ನಿನ್ನೆ ಅತ್ತೆ ಟೀವಿಯಲ್ಲಿ ಮೊಮ್ಮಗನ ಫೋಟೋ ನೋಡುತ್ತಿದ್ದಾಗ ನೀನು ತೆಗೆದವು ಬಂದವು. ಒಳಗೂ ಹೊರಗೂ ತೆಗೆದ ಮೂರು ಮನೆ, ಮೂರರ ಗೇಟಿಗೂ "ಬಾಡಿಗೆಗಿದೆ" ಎಂಬ ಬೋರ್ಡು, ಮೂರೂ ಲಿಂಗಸುಗೂರಿನವು. ಅವ್ವಾ, ಊರಿಗೆ ಬಂದು, ನನಗೆಂದು ಬೇರೆ ಮನೆ ನೋಡಿ, ನಮ್ಮ ಮನೆಗೆ ಬಾರದೆ ಹೋದೆಯಾ? ನಾನು ರಿಮೋಟ್ ಹುಡುಕತೊಡಗಿದೆ. ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ, "ಎರಡನೇದರ ಅಡಿಗಿಮನಿಗೆ ಬೆಳಕು ಛಲೋ ಐತಿ. ಬಾಡಿಗಿ ಎಷ್ಟಂತ ನಿಮ್ಮವ್ವನ್ನ ಕೇಳು" ಅಂದರು. ಯಾರಿಗೆ ಎಂದು ನಾನು ಕೇಳಲಿಲ್ಲ. ನೀನು ಮಾತ್ರ ಎಷ್ಟೆಂದು ತಿಳಿಸು.